ಬೀದರಿನಿಂದ ಹೊಸ್ತಿಲವರೆಗೆ

ಲೋಬಾನದ ಹೊಗೆ ನೇರ ಮೇಲಕ್ಕೇರದೆ ಕಿಟಕಿಯ ಕಡೆಗೆ ವಾಲುತ್ತಿದೆ, ಫ್ಯಾನು ನಿಲ್ಲಿಸಿದ್ದೇವೆ, ಆದರೂ ವಾಲುತ್ತಿದೆ, ಅಂದರೆ ಹೊರಗೆ ಗಲ್ಲಿಯಲ್ಲಿ ಗಾಳಿ ಇದೆ, ಗಾಳಿ ಇದ್ದರೆ ವಿಮಾನ ಬೇಗ ಬರುತ್ತದೋ ತಡವಾಗುತ್ತದೋ, ಶಿವಾಜಿನಗರದ ಗಲ್ಲಿಯ ಗಾಳಿಗೂ ಆಕಾಶದ ಗಾಳಿಗೂ ಏನು ಸಂಬಂಧ, ಗೊತ್ತಿಲ್ಲದ್ದರ ಮೇಲೆ ಆಸೆ ಕಟ್ಟಬಾರದು ಜಹನಾರಾ, ಗೊತ್ತಿರುವಷ್ಟನ್ನೇ ಹಿಡಿದುಕೋ — ಬೆಳಗಿನ ನಮಾಜ್ ಮುಗಿಸಿ ಗೋಡೆಗೆ ಒರಗಿ ಕೂತ ಅಮ್ಮಿ ಹಾಗೇ ಹೋಗಿಬಿಟ್ಟಳು, ಇದು ಗೊತ್ತು, ಮೀಯಿಸಿದ್ದಾಯಿತು, ಕಫನ್ ತೊಡಿಸಿದ್ದಾಯಿತು, ಈಗ ಹಾಲ್‌ನ ನಡುವೆ ಮಲಗಿದ್ದಾಳೆ, ಮೈಯೆಲ್ಲ ಬಿಳಿ ಬಟ್ಟೆ, ತೆರೆದಿರುವುದು ಅಂಗೈಯಷ್ಟು ಮುಖ ಮಾತ್ರ, ಇದೂ ಗೊತ್ತು, ಬೀದರಿನಿಂದ ನನ್ನ ತಂಗಿ ನಾಜಿಶ್ ವಿಮಾನ ಹತ್ತಿದ್ದಾಳೆ, ಜುಮ್ಮಾ ನಮಾಜಿಗೆ ಮುಂಚೆ ಗಂಡಸರು ಬಂದು ಅಮ್ಮಿಯನ್ನು ಎತ್ತಿಕೊಂಡು ಹೋಗುತ್ತಾರೆ, ಅಷ್ಟರೊಳಗೆ ಅವಳು ಈ ಹೊಸ್ತಿಲು ದಾಟಿ ಒಳಗೆ ಬರಬೇಕು, ಬರುತ್ತಾಳೋ ಇಲ್ಲವೋ, ಅದೊಂದೇ ಗೊತ್ತಿಲ್ಲ.

ಫುಪ್ಪು, ಇಲ್ಲಿ ನೋಡಿ, ಲೈಬಾ ಮೊಬೈಲನ್ನು ತಂದು ನನ್ನ ತೊಡೆಯ ಮೇಲಿಡುತ್ತಾಳೆ, ತಮ್ಮ ಮುನಾವರನ ಮಗಳು, ಅತ್ತು ಅತ್ತು ಮೂಗು ಕೆಂಪಾಗಿದೆ, ಬೆರಳು ಮಾತ್ರ ಚುರುಕು, ಪರದೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನ, ಗುಂತಕಲ್ ದಾಟಿದೆ ಫುಪ್ಪು, ಇದೇ ನಾಜಿಶ್ ಫುಪ್ಪುದು, ಬೀದರಿನಿಂದ ಇಲ್ಲಿಗೆ ಆಕಾಶದಲ್ಲಿ ಐನೂರ ಇಪ್ಪತ್ತೈದು ಕಿಲೋಮೀಟರ್ ಅಂತೆ, ಹೆಚ್ಚುಕಡಿಮೆ ಒಂದೂಕಾಲು ಗಂಟೆ, ರಸ್ತೇಲಾದ್ರೆ ಏಳುನೂರರ ಹತ್ತಿರ, ಅವಳು ಓದುತ್ತಾಳೆ, ನಾನು ಆ ಹಳದಿ ಚುಕ್ಕೆಯನ್ನೇ ನೋಡುತ್ತೇನೆ, ಅದು ಸರಿಯುವುದೇ ಕಾಣುವುದಿಲ್ಲ, ಕಣ್ಣು ತೆಗೆದು ಮತ್ತೆ ನೋಡಿದರೆ ಸ್ವಲ್ಪ ಕೆಳಗೆ ಬಂದಿರುತ್ತದೆ, ಅದರೊಳಗೆ ನಾಜಿಶ್ ಕೂತಿದ್ದಾಳೆ, ಸೀಟಿನ ಬೆಲ್ಟ್ ಬಿಗಿದುಕೊಂಡು, ಯಾರ ಮುಂದೆಯೂ ಅಳಲಾಗದೆ. ಮಂಜಿನಿಂದ ವಿಮಾನ ಮುಕ್ಕಾಲು ಗಂಟೆ ತಡವಾಗಿ ಹೊರಟಿತು, ಬಯ್ಯಬೇಕು ಅನ್ನಿಸುವುದಿಲ್ಲ, ಇವತ್ತು ವಿಮಾನ ಇತ್ತಲ್ಲ, ನಡುವೆ ಒಂದಷ್ಟು ಕಾಲ ಅದು ನಿಂತೇ ಹೋಗಿತ್ತು, ಅಮ್ಮಿ ಆ ದಿನಗಳಲ್ಲಿ ಹೋಗಲಿಲ್ಲ, ಮತ್ತೆ ಶುರುವಾದ ಮೇಲೆ ಹೋದಳು, ಶುಕ್ರವಾರವೇ ಹೋದಳು, ಇದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ಅವನಿಗೆ ಹೇಳಿದ್ದೇನೆ, ಬೆಳಗಿನಿಂದ ಹೇಳುತ್ತಲೇ ಇದ್ದೇನೆ.

ಮುನಾವರನ ತಪ್ಪಲ್ಲ, ಅಂದರೆ ತಪ್ಪು ಅವನದೇ, ಆದರೆ ಅವನ ಜಾಗದಲ್ಲಿ ಯಾವ ಗಂಡಸಿದ್ದರೂ ಹಾಗೇ ಲೆಕ್ಕ ಹಾಕುತ್ತಿದ್ದ — ವಿಮಾನ ಇಳಿಯುವುದು ಇಷ್ಟಕ್ಕೆ, ದೇವನಹಳ್ಳಿಯಿಂದ ಇಲ್ಲಿಗೆ ಇಷ್ಟು, ಜುಮ್ಮಾ ಮುಗಿಯುವುದು ಇಷ್ಟಕ್ಕೆ, ಆಮೇಲೆ ಜನಾಜಾ ನಮಾಜ್, ಆಮೇಲೆ ಖಬರಸ್ತಾನ, ಮಣ್ಣಿನ ಹೊತ್ತಿಗೆ ನಾಜಿಶ್ ಬಂದೇ ಬರ್ತಾಳೆ, ಟೈಮ್ ಇನ್ನೂ ಮಿಗುತ್ತೆ, ಹೊರಗೆ ಕುರ್ಚಿ ಹಾಕಿಕೊಂಡು ಕೂತವರೆಲ್ಲ ತಲೆಯಾಡಿಸಿದರಂತೆ, ಮಸೀದಿಯ ಮೈಕಿನಲ್ಲಿ ಹೇಳಿಸಿಯೂ ಆಯಿತು, ಆಗ ನಾನು ಒಳಗೆ ಪರದೆಯ ಹಿಂದೆ ಅಮ್ಮಿಯ ಕೂದಲಿಗೆ ನೀರು ಹಾಕುತ್ತಿದ್ದೆ, ಬೋರೆ ಎಲೆ ಕುದಿಸಿದ ನೀರು, ಮೀಯಿಸಲು ಬಂದಿದ್ದ ಖಾಲಾ, ಹೆಸರು ಕೇಳಲೂ ಆಗಲಿಲ್ಲ, ಕಿವಿಯ ಹಿಂದೆ ನೀವೇ ತೊಳೀರಿ, ಮಗಳ ಕೈ ಆಗಲಿ ಅಂದಳು, ಎಷ್ಟು ಮೆತ್ತಗೆ ಅಂದಳು, ಆಗಲೇ ಮೈಕಿನ ಸದ್ದು ಬಂದದ್ದು, ಅಮ್ಮಿಯ ಹೆಸರು, ಜುಮ್ಮಾ ಆದ ಮೇಲೆ ಅನ್ನುವುದು, ಕೈ ಒರೆಸಿಕೊಂಡು ಹೊರಗೆ ಬಂದು ಕೇಳಿದೆ, ನಾಜಿಶ್ ಯಾವಾಗ ಮುಟ್ತಾಳೆ, ಮಣ್ಣಿಗೆ ಸಿಗ್ತಾಳೆ ಆಪಾ, ಆರಾಮಾಗಿ ಸಿಗ್ತಾಳೆ, ಅವಳು ಮಣ್ಣಿಗೆ ಬರ್ತಾಳಾ ಮುನಾವರ್ ಅಂದೆ, ಅಂದರೆ ಅಂದ, ಅಂದರೆ ನಾನು ಮಣ್ಣಿಗೆ ಬರ್ತೀನಾ. ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ, ನಮಗೆ ಅಮ್ಮಿ ಇರುವುದು ಈ ಹೊಸ್ತಿಲವರೆಗೆ, ಇಲ್ಲಿಂದ ಎತ್ತಿದರೆ ಮುಗಿಯಿತು, ಅವನ ಲೆಕ್ಕ ಗೋರಿಯವರೆಗೆ ಹೋಗಿತ್ತು, ನಮ್ಮದು ಅದಕ್ಕಿಂತ ಬಹಳ ಮೊದಲೇ ನಿಲ್ಲುತ್ತದೆ, ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ, ಹೊಳೆಯಲಿಲ್ಲ ಅಷ್ಟೇ, ಇಡೀ ಕುರ್ಚಿಗಳ ಸಾಲಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಆಪಾ, ಜನಕ್ಕೆಲ್ಲ ಹೇಳಿಬಿಟ್ಟಿದೀವಿ ಅಂದ, ತೋಳಿನಿಂದ ಕಣ್ಣೊರೆಸಿಕೊಂಡ, ಐವತ್ತು ಹತ್ತಿರವಾದ ಗಂಡಸು, ಅಮ್ಮಿ ಇದ್ದಿದ್ದರೆ ಅವನ ಪರ ವಹಿಸುತ್ತಿದ್ದಳು, ನಕ್ಕೋ ಬೇಟಾ, ಬೇಡ, ಅವನಿಗೆ ಬಯ್ಯಬೇಡ, ಬೆಳಗಿನಿಂದ ಚಾ ಕೂಡ ಕುಡಿದಿಲ್ಲ ಅವನು.

ಮುಂದಕ್ಕೆ ಹಾಕುವುದು ಆಗುವುದಿಲ್ಲ ಅಂದದ್ದು ಅಹ್ಮದ್ ಪಾಷಾ ಮಾಮು, ಅಮ್ಮಿಯ ತಮ್ಮ, ಮಸೀದಿ ಕಮಿಟಿಯಲ್ಲಿ ಅವರ ಮಾತೇ ಮಾತು, ಜುಮ್ಮಾ ಸಿಕ್ಕಿದೆ ಜಹನಾರಾ, ಎಷ್ಟು ಜನಕ್ಕೆ ಸಿಗುತ್ತೆ ಹೇಳು, ಸಾವಿರ ಕೈ ಎತ್ತಿ ದುವಾ ಮಾಡ್ತಾರೆ, ಅದನ್ನ ಬಿಟ್ಟು ಸಾಯಂಕಾಲದ ಅಸರ್‌ಗೆ ಹಾಕು ಅಂತೀಯಾ, ನಿಮ್ಮಮ್ಮನೇ ಹೇಳಿರಲಿಲ್ವಾ, ಹೇಳಿದ್ದಳು, ಒಂದಲ್ಲ ಹತ್ತು ಸಲ ಹೇಳಿದ್ದಳು, ನನ್ನನ್ನು ಐಸ್ ಪೆಟ್ಟಿಗೆಯಲ್ಲಿ ಇಡಬೇಡಿ, ಯಾರಿಗಾಗಿಯೂ ಕಾಯಿಸಬೇಡಿ, ಬೇರೆ ಯಾರಾದರೂ ಹೇಳಿದ್ದರೆ ಸರಿ, ಅಮ್ಮಿ ಹೇಗೆ ಹೇಳಿದಳು ಅದನ್ನು, ಅಮ್ಮಿಗೆ ಗೊತ್ತಿರಲಿಲ್ಲವೇ — ನಾನಾಗ ನಾಲ್ಕನೇ ಕ್ಲಾಸು, ನಾಜಿಶ್ ತೊಡೆಯ ಮೇಲಿನ ಕೂಸು, ಬೀದರಿನಲ್ಲಿ ನಾನಿ ಹೋದ ಸುದ್ದಿ ಎದುರಿನ ಅಂಗಡಿಯ ಫೋನಿಗೆ ಬಂತು, ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆವು, ಇಡೀ ರಾತ್ರಿ ಬಸ್ಸು, ಬೆಳಗಾದರೂ ಬಸ್ಸು, ಪ್ರತಿ ಊರು ಬಂದಾಗಲೂ ಅಮ್ಮಿ ಮುಂದಿನ ಸೀಟಿನವರನ್ನು ಕೇಳುತ್ತಿದ್ದಳು, ಇನ್ನೆಷ್ಟು ದೂರ, ಇನ್ನೆಷ್ಟು ದೂರ, ರಾಯಚೂರು ದಾಟಿದ ಮೇಲೆ ಕೇಳುವುದನ್ನೇ ಬಿಟ್ಟಳು, ಚೌಬಾರಾ ಗೋಪುರದ ಹಿಂದಿನ ಆ ಮನೆಗೆ ಹೋದಾಗ ಅಂಗಳ ತೊಳೆದಿದ್ದರು, ನಾನಿಯ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಅಮ್ಮಿ ಅಳಲಿಲ್ಲ, ಬಗ್ಗಿ ಒದ್ದೆ ಕಲ್ಲನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು, ಆಗ ಇದೇ ಮಾಮು ಮೀಸೆ ಚಿಗುರಿದ ಹುಡುಗ, ಎಷ್ಟಾಗುತ್ತೋ ಅಷ್ಟು ಕಾದ್ವಿ ಆಪಾ ಅಂದ, ಹೌ, ಕಾದಿರುತ್ತೀರಿ ಅಂದಳು ಅಮ್ಮಿ, ಅಷ್ಟೇ, ಆ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ, ತಮ್ಮನನ್ನು ದೂರಲಿಲ್ಲ, ಊರನ್ನೂ ದೂರಲಿಲ್ಲ, ನಾಜಿಶ್‌ಗೆ ಬೀದರಿನಿಂದ ಗಂಡು ಬಂದಾಗ ನಾವೆಲ್ಲ ಬೇಡ ಅಂದರೆ ಅಮ್ಮಿಯೊಬ್ಬಳೇ ಆಗಲಿ ಅಂದಳು, ಆ ಊರಲ್ಲಿ ನನ್ನ ಕಡೆಯವಳು ಒಬ್ಬಳಿರಲಿ. ಅವಳ ಮನಸ್ಸಿನಲ್ಲಿ ಕಹಿ ಇಲ್ಲದ್ದರಿಂದ ನಮಗೂ ಅದು ಬರಲಿಲ್ಲ, ಇದು ಎಷ್ಟು ದೊಡ್ಡದು ಎಂದು ಇವತ್ತು, ಈ ಲೋಬಾನದ ಪಕ್ಕ ಕೂತು ಗೊತ್ತಾಗುತ್ತಿದೆ, ಕಹಿ ಆಸ್ತಿಯಂತೆ ಇಳಿದು ಬರುತ್ತದೆ, ನಮಗೆ ಅವಳು ಬಿಟ್ಟುಹೋಗಿಲ್ಲ.

ಹಿಂದೂಪುರ, ಲೈಬಾ ಪಿಸುಗುಟ್ಟುತ್ತಾಳೆ, ಕೆಳಗಿಳೀತಿದೆ ಫುಪ್ಪು, ಎತ್ತರ ಕಡಿಮೆ ಆಗ್ತಿದೆ — ಇಳಿಯುವಾಗ ಅಮ್ಮಿಗೂ ಕಿವಿ ಮುಚ್ಚಿಕೊಂಡಿತ್ತು ಆವತ್ತು, ಬೀದರಿಗೆ ವಿಮಾನ ಶುರುವಾದ ಹೊಸತು, ನಾನೇ ಕರೆದುಕೊಂಡು ಹೋಗಿದ್ದೆ, ಹೊರಡುವ ಹಿಂದಿನ ದಿನ ರೊಟ್ಟಿ ಮಾಡಿದಳು, ಖೀಮಾ ಮಾಡಿದಳು, ಮೊಟ್ಟೆ ಬೇಯಿಸಿದಳು, ಬಸ್ಸಿನ ಪ್ರಯಾಣಕ್ಕೆ ಕಟ್ಟಿದ ಹಾಗೆ ಎರಡು ಹೊತ್ತಿನ ಡಬ್ಬಿ ಕಟ್ಟಿದಳು, ಗಗನಸಖಿಯ ಕೈ ಹಿಡಿದು, ಮಗಾ, ನಮ್ಮ ಸ್ಟಾಪ್ ಬಂದಾಗ ಸ್ವಲ್ಪ ಹೇಳಮ್ಮ, ಆ ಹುಡುಗಿ ನಗಲಿಲ್ಲ, ಹೇಳ್ತೀನಿ ಆಂಟಿ, ಗ್ಯಾರಂಟಿ ಹೇಳ್ತೀನಿ ಅಂದಳು, ಅವಳಿಗೂ ನಾನು ಋಣಿ, ಅಮ್ಮಿ ಕಿಟಕಿಗೆ ಹಣೆ ಒತ್ತಿ ಕೂತಳು, ಮೋಡ ಬಂತು, ಹೋಯಿತು, ಕೆಂಪು ಹೊಲ ಬಂತು, ಕಪ್ಪು ಹೊಲ ಬಂತು, ಡಬ್ಬಿ ಬಿಚ್ಚೋಣವೇ ಅನ್ನುವಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು, ಆಂಟಿ, ನಿಮ್ಮ ಸ್ಟಾಪ್ ಬಂತು, ಅಮ್ಮಿ ಏಳಲಿಲ್ಲ, ಎಲ್ಲರೂ ಇಳಿದರು, ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು, ಇಷ್ಟೇ ಇತ್ತಾ ಅಂದಳು, ನನ್ನನ್ನು ಕೇಳಿದ್ದಲ್ಲ, ಯಾರನ್ನೂ ಕೇಳಿದ್ದಲ್ಲ, ಇಷ್ಟೇ ಇತ್ತಾ. ನಾನು ಏನು ಹೇಳಬೇಕಿತ್ತು, ಅಮ್ಮಿ, ಆಗ ಇದು ಇರಲಿಲ್ಲ, ಆಗ ಇಷ್ಟು ಇರಲಿಲ್ಲ, ಆಗ ಇಡೀ ರಾತ್ರಿ ಇತ್ತು ಅನ್ನಬೇಕಿತ್ತೇ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದಳು, ಪೈಲಟ್‌ನ ಬಾಗಿಲಿನ ಕಡೆ ತಿರುಗಿ ಸಲಾಂ ಮಾಡಿದಳು, ಬಾಗಿಲು ಮುಚ್ಚಿತ್ತು, ಮುಚ್ಚಿದ ಬಾಗಿಲಿಗೇ ಮಾಡಿದಳು, ಮೆಟ್ಟಿಲಿಳಿದು ಬಂದಳು, ನಾಜಿಶ್‌ಳ ಮನೆಯಲ್ಲಿ ಆ ಡಬ್ಬಿ ಬಿಚ್ಚಿ ಎಲ್ಲರಿಗೂ ಬಡಿಸಿದಳು, ಬೆಂಗಳೂರಿನ ರೊಟ್ಟಿ, ಇನ್ನೂ ಬಿಸಿ ಆರಿಲ್ಲ ನೋಡಿ ಅಂದಳು, ಆರಿತ್ತು, ಎಲ್ಲರೂ ಇನ್ನೊಂದೊಂದು ಕೇಳಿ ಹಾಕಿಸಿಕೊಂಡರು.

ಫೋನು, ನನ್ನ ಕೈಯಲ್ಲೇ ನಡುಗುತ್ತಿದೆ, ಅಕ್ಕಾರ, ಇಳದಾರ್ರಿ, ಶಿವಪುತ್ರನ ದನಿ, ಬ್ಯಾಗ್ ಒಂದೇ ಅದ, ಗಾಡ್ಯಾಗ ಕೂಡಿಸ್ಕೊಂಡೀನಿ, ದೇವರೇ, ಶಿವಪುತ್ರ, ಬಸವಕಲ್ಯಾಣದ ಕಡೆಯವನು, ಟಿನ್ ಫ್ಯಾಕ್ಟರಿಯ ಹಿಂದೆ ಒಂದು ಕೋಣೆಯಲ್ಲಿ ಹೆಂಡತಿಯ ಜೊತೆ ಬಾಡಿಗೆಗಿದ್ದಾನೆ, ಕಾರು ಓಡಿಸುತ್ತಾನೆ, ಆವತ್ತು ಅಮ್ಮಿಯನ್ನು ವಿಮಾನಕ್ಕೆ ಬಿಟ್ಟವನು ಅವನೇ, ಕಾರು ಹತ್ತುತ್ತಲೇ ಅವನ ಮಾತಿನ ಎಳೆ ಕೇಳಿ ನೀನು ನಮ್ಮ ಕಡೆಯವನಲ್ವೇನಪ್ಪ ಅಂದಿದ್ದಳು, ಅಲ್ಲಿಂದ ಆಸ್ಪತ್ರೆಗೂ ಅವನೇ, ಮದುವೆಗಳಿಗೂ ಅವನೇ, ಬೆಳಗ್ಗೆ ಫೋನ್ ಮಾಡಿದಾಗ, ಅಮ್ಮಾರು ಹ್ವಾದ್ರಾ ಅಂದ, ನಾ ಏರ್‌ಪೋರ್ಟಿಗಿ ಈಗೇ ಹೋಗಿ ನಿಂದರ್ತೀನ್ರಿ, ವಿಮಾನ ಇಳಿಯಲು ನಾಲ್ಕು ಗಂಟೆ ಇತ್ತು, ಆದರೂ ಹೋಗಿ ನಿಂತ. ಶಿವಪುತ್ರಾ, ಎಷ್ಟು ಹೊತ್ತಾಗುತ್ತೆ, ಹೆಬ್ಬಾಳ ಪೂರಾ ಜಾಮ್ ಅದಾರಿ, ಬಾಗಲೂರ ಮ್ಯಾಲಿಂದ ಹೆಣ್ಣೂರಿಗಿ ಬರ್ತೀನಿ, ಅಲ್ಲಿಂದ ಕಲ್ಯಾಣ ನಗರ, ನಾಜಿಶ್‌ಗೆ ಕೊಡು ಫೋನು, ಆಪಾ, ಒಂದೇ ಮಾತು, ಆಪಾ ಇದಾರಾ ಅಮ್ಮಿ, ಇದ್ದಾರೆ ಕಣೇ, ಇಲ್ಲೇ ಇದ್ದಾರೆ, ನಿನಗೇ ಕಾಯ್ತಿದಾರೆ, ಸುಳ್ಳು, ಕಾಯುತ್ತಿರುವುದು ನಾನು, ಅಮ್ಮಿ ಕಾಯಬೇಡಿ ಅಂದವಳು, ಮತ್ತೆ ಶಿವಪುತ್ರ, ಅಕ್ಕಾರ, ಫೋನ್ ಇಡ್ರಿ, ನನಗ ಗಾಡಿ ಓಡ್ಸಾಕ ಬಿಡ್ರಿ.

ಕೋಣೆಯಲ್ಲಿ ಹೆಂಗಸರು ತುಂಬಿದ್ದಾರೆ, ಯಾರೋ ಯಾಸೀನ್ ಓದುತ್ತಿದ್ದಾರೆ, ಯಾರೋ ಅಮ್ಮಿಯ ಕಾಲ ಹತ್ತಿರ ಕೂತು ಇವಳು ನನ್ನ ಹೆರಿಗೆಗೆ ಬಂದಿದ್ದಳು ಅನ್ನುತ್ತಿದ್ದಾರೆ, ನನಗೆ ಅಂಗೈಯಷ್ಟು ಮುಖ ಮಾತ್ರ ಕಾಣುತ್ತದೆ, ಕಣ್ಣಿನ ಕೆಳಗೆ ಸುರ್ಮಾ ಇಲ್ಲದ ಚರ್ಮ ಎಷ್ಟು ತೆಳುವಾಗಿದೆ, ನಿನ್ನೆವರೆಗೆ ನಾನು ನೋಡಿಯೇ ಇರಲಿಲ್ಲ, ನಿನ್ನೆ ಇದೇ ಮುಖ ಬೇಳೆಗೆ ಉಪ್ಪು ಜಾಸ್ತಿ ಎಂದು ಬಯ್ದಿತ್ತು. ಬಾಗಿಲಲ್ಲಿ ಮಾಮುವಿನ ಕೆಮ್ಮು, ಗಂಡಸರು ಬರುವ ಮುಂಚಿನ ಕೆಮ್ಮು, ಜಹನಾರಾ, ಹೊತ್ತಾಯ್ತು ಬೇಟಿ, ಎಲ್ಲಿದಾಳೆ ಅವಳು, ಲಿಂಗರಾಜಪುರದ ಫ್ಲೈಓವರ್ ಮೇಲೆ ಮಾಮು, ಹತ್ತು ನಿಮಿಷ ಕೊಡಿ, ಅರ್ಧ ಗಂಟೆ ಕೊಟ್ಟಾಯ್ತಲ್ಲ ಬೇಟಿ, ಖುತ್ಬಾ ಶುರುವಾಗುತ್ತೆ, ಇಮಾಮರು ಪ್ರವಚನಕ್ಕೆ ನಿಂತರೆ ನಿಲ್ಲಿಸೋಕಾಗುತ್ತಾ, ಅವರ ದನಿಯಲ್ಲಿ ಜೋರಿಲ್ಲ, ಗಡ್ಡ ಒದ್ದೆಯಾಗಿದೆ, ಅವರ ಅಕ್ಕನಲ್ಲವೇ, ನಿಮ್ಮಮ್ಮ ಒಂದು ದಿನ ನನ್ನ ಮಾತು ಕೇಳಿದವಳಲ್ಲ, ಇವತ್ತು ಒಂದಿನ ನಾನು ಅವಳ ಮಾತು ಕೇಳ್ಬೇಡ್ವಾ, ಕಾಯಿಸ್ಬೇಡಿ ಅಂದಿದಾಳೆ, ನನಗೆ ಕಿರುಚಬೇಕು ಅನ್ನಿಸಿತು, ಆದರೆ ಅವರು ಹೇಳಿದ್ದರಲ್ಲಿ ತಪ್ಪು ಯಾವುದು, ಒಂದೂ ಇಲ್ಲ, ಬಾಗಿದೆ, ಹಣೆಗೆ ತುಟಿ ಒತ್ತಿದೆ, ತಣ್ಣಗಿತ್ತು, ನಾಜಿಶ್‌ಳ ಪಾಲಿನದೂ ಒಂದು ಒತ್ತಿದೆ, ಆಮೇಲೆ ಬಿಳಿ ಬಟ್ಟೆಯ ಅಂಚು ಎಳೆದು ಮುಖ ಮುಚ್ಚಿ ತಲೆಯ ಮೇಲೆ ಪಟ್ಟಿ ಕಟ್ಟಿದರು, ಅಂಗೈಯಷ್ಟು ಇದ್ದದ್ದೂ ಹೋಯಿತು.

ಹೆಂಗಸರೆಲ್ಲ ಮಹಡಿಗೆ, ಗಂಡಸರು ಒಳಗೆ, ಇದು ಕ್ರಮ, ಮೆಟ್ಟಿಲು ಹತ್ತುವಾಗ ಲೈಬಾ ತೋಳು ಹಿಡಿದುಕೊಂಡಿದ್ದಾಳೆ, ಮಹಡಿಯ ಕೋಣೆಯ ಕಿಟಕಿಯಿಂದ ಗಲ್ಲಿ ಕಾಣುತ್ತದೆ, ಬಿಳಿ ಟೋಪಿಗಳು, ಟೋಪಿಗಳು, ಕೆಳಗಿನಿಂದ ಕಲ್ಮಾದ ದನಿ ಎದ್ದಿತು, ಜನಾಜಾ ಹೊಸ್ತಿಲು ದಾಟಿತು, ದಾಟಿದ್ದನ್ನು ನಾನು ಕಣ್ಣಾರೆ ನೋಡಿದೆ, ಹಸಿರು ಚಾದರ ಹೊದಿಸಿದ ಜನಾಜಾ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದೋಣಿಯ ಹಾಗೆ ತೇಲುತ್ತ ಹೊರಟಿತು, ಮುಂದಿನ ಎಡಗಡೆ ಮುನಾವರ್, ಆಯಿತು, ಅಲ್ಲಿಗೆ ಆಯಿತು, ನಾಜಿಶ್ ಬರುತ್ತಾಳೆ, ನಾನು ಅವಳಿಗೆ ತೊಳೆದ ನೆಲ ತೋರಿಸುತ್ತೇನೆ, ಎಷ್ಟಾಗುತ್ತೋ ಅಷ್ಟು ಕಾದೆವು ಕಣೇ ಅನ್ನುತ್ತೇನೆ, ಫುಪ್ಪು, ಫುಪ್ಪು, ಅಲ್ಲಿ, ಲೈಬಾಳ ಬೆರಳು ಗಲ್ಲಿಯ ಬಾಯಿಯ ಕಡೆ — ಜುಮ್ಮಾಕ್ಕೆ ಹೊರಟ ಜನರ ನಡುವೆ ದಾರಿ ಮಾಡಿಕೊಂಡು ಒಬ್ಬಳು ಓಡಿಬರುತ್ತಿದ್ದಾಳೆ, ಕಪ್ಪು ಬುರ್ಖಾ, ಹೆಗಲಲ್ಲಿ ಬ್ಯಾಗು, ಹಿಂದೆ ಕೈಯಲ್ಲಿ ಕಾರಿನ ಕೀಲಿ ಹಿಡಿದು ಶಿವಪುತ್ರ, ಸ್ವಲ್ಪ ದಾರಿ ಬಿಡ್ರೀ ಯಣ್ಣ, ಮಗಳದಾರ, ಮಗಳು, ಅವನ ದನಿ ಕಲ್ಮಾದ ನಡುವೆ ಮೇಲಿನವರೆಗೂ ಕೇಳಿತು, ನಾಜಿಶ್ ಜನಾಜಾ ನೋಡಿದಳು, ನಿಂತುಬಿಟ್ಟಳು, ಗೋಡೆಗೆ ಒತ್ತಿಕೊಂಡು ನಿಂತಳು, ಹೆಂಗಸು, ಗಂಡಸರ ಮೆರವಣಿಗೆಗೆ ದಾರಿ ಬಿಟ್ಟು, ಅವಳಿಗೂ ಗೊತ್ತು ಹೊಸ್ತಿಲು ದಾಟಿದ ಮೇಲೆ ಆಯಿತು ಎಂದು, ಜನಾಜಾ ಅವಳ ಮುಂದೆ ಬಂತು, ಮುಂದೆಯೇ ಹಾದು —

ಇಳಿಸಿ, ಮಾಮು ಅಂದರು. ಯಾರಿಗೂ ಅರ್ಥವಾಗಲಿಲ್ಲ, ಕಾಲುಗಳು ನಡೆಯುತ್ತಲೇ ಇದ್ದವು, ಇಳಿಸ್ರಪ್ಪ ಅಂದರು ಮತ್ತೆ, ಹಜರತ್, ಎತ್ತಿದ ಮೇಲೆ ಮಸೀದಿವರೆಗೂ ಕೆಳಗಿಡ್ಬಾರ್ದು, ಹಾಸಿಗೆ ಅಂಗಡಿಯ ವಕಾರ್ ಅನ್ನುತ್ತಾನೆ, ಯಾರು ಹೇಳಿದ್ದು, ನಿಮ್ಮ ತಾತನಾ, ಆ ಟೀ ಅಂಗಡಿ ಬೆಂಚು ಎರಡು ಎಳ್ಕೊಂಡು ಬಾ ಹೋಗು, ವಕಾರನೇ ಓಡಿದ, ಬೆಂಚು ಬಂತು, ಇನ್ನೊಂದು ಬಂತು, ಅಮ್ಮಿ ಇಳಿದಳು, ಬೀದಿಯಲ್ಲಿ ಹೇಗೆ ಮಾಮು, ಇಷ್ಟು ಜನ ಗಂಡಸರ ನಡುವೆ ಅವಳ ಮುಖ ಹೇಗೆ ತೆರೆಯುತ್ತೀರಿ, ನಾನು ಕಿಟಕಿಯ ಕಂಬಿ ಹಿಡಿದಿದ್ದೇನೆ, ಮಾಮು ಎರಡೂ ಕೈ ಎತ್ತಿದರು, ತಿರುಗ್ಕೊಳ್ಳಿ, ಎಲ್ರೂ ತಿರುಗ್ಕೊಳ್ಳಿ, ಸುತ್ತ ನಿಂತು ಬೆನ್ನು ಮಾಡಿ, ಹತ್ತಿರ, ಇನ್ನೂ ಹತ್ತಿರ, ಹೆಗಲಿಗೆ ಹೆಗಲು ಸೇರಿಸಿ, ಮುನಾವರ್ ನೀನು ಮಗ, ನೀನು ಒಳಗೆ ನಿಂತು ಪಟ್ಟಿ ಬಿಚ್ಚು, ಮಿಕ್ಕೋರು ಯಾರೂ ಹಿಂದೆ ನೋಡೋ ಹಾಗಿಲ್ಲ, ಬಾ ಬೇಟಿ, ಬಾ ಒಳಗೆ. ಒಳಗೆ ಅಂದರು, ನಡುಬೀದಿಯಲ್ಲಿ ನಿಂತು ಒಳಗೆ ಅಂದರು, ಆಮೇಲೆ ತಾವೂ ತಿರುಗಿ ನಿಂತರು. ಬೆನ್ನುಗಳ ಗೋಡೆ, ಬಿಳಿ ಜುಬ್ಬಾದ ಬೆನ್ನುಗಳು, ಚೌಕಳಿ ಅಂಗಿಯ ಬೆನ್ನು ಹಾಲಿನ ಅಂಗಡಿಯವರದ್ದು, ಬಾಗಿದ್ದು ಟೈಲರ್ ಚಾಚಾರದ್ದು, ಬೆನ್ನಿನಿಂದಲೇ ಒಬ್ಬೊಬ್ಬರೂ ಗುರುತು ಸಿಗುತ್ತಾರೆ, ತಲೆಗೆ ಕರ್ಚೀಫು ಕಟ್ಟಿಕೊಂಡು ಅವರ ಸಾಲಿನಲ್ಲೇ ಬೆನ್ನು ಮಾಡಿ ನಿಂತಿದ್ದಾನೆ ಶಿವಪುತ್ರ, ಕೀಲಿ ಇನ್ನೂ ಕೈಯಲ್ಲಿದೆ, ಇವರಿಗೆಲ್ಲ ನಾನು ಹೇಗೆ, ಯಾವ ಮಾತಿನಲ್ಲಿ, ಇಲ್ಲ, ಮಾತು ಆಮೇಲೆ — ಗಲ್ಲಿಯಲ್ಲಿ ಯಾರಿಗೂ ಕಾಣದ್ದು ಮೇಲಿರುವ ನಮಗೆ ಕಾಣುತ್ತಿದೆ, ಬೆನ್ನುಗಳ ನಡುವೆ ಸಣ್ಣ ಕೋಣೆಯಷ್ಟು ಜಾಗ, ಮುನಾವರನ ಬೆರಳುಗಳು, ಪಟ್ಟಿ ಸಡಿಲವಾಗುತ್ತಿದೆ, ಬಿಳಿ ಬಟ್ಟೆ ಒಂದು ಪದರ ಸರಿಯಿತು, ಇನ್ನೊಂದು ಸರಿಯಿತು, ನಾಜಿಶ್ ಬ್ಯಾಗನ್ನು ಇಳಿಸುವುದನ್ನೂ ಮರೆತು ಬಾಗಿದ್ದಾಳೆ, ಖುತ್ಬಾಕ್ಕೆ ಮುಂಚಿನ ಎರಡನೇ ಅಜಾನ್ ಶುರುವಾಯಿತು, ಯಾರೂ ಅಲುಗಲಿಲ್ಲ, ಸುತ್ತ ಬೆನ್ನುಗಳು, ನಡುವೆ ಅಮ್ಮಿಯ ಮುಖ, ಅಂಗೈಯಷ್ಟು ಮುಖ, ಅದರ ಮೇಲೆ ನಾಜಿಶ್‌ಳ ಅಂಗೈ, ಬೆನ್ನುಗಳು, ಅಂಗೈ ಎತ್ತಿದಳು, ಮುಖ ನೋಡಿದಳು.